ಬರ, ತೈಲ, ಸಾಲ ಎಂಬ ಒಂದೇ ಗಂಟು: ಕೀನ್ಯಾದ ಓಲ್ಕಾರಿಯಾ ಉಗಿ ಅದರಲ್ಲಿ ಎಷ್ಟನ್ನು ಬಿಡಿಸಿದೆ?

ಕಣಿವೆಯಂಚು (ನೈರೋಬಿ)

2020ರ ಕೊನೆಯಿಂದ 2022ರ ಕೊನೆಯವರೆಗೆ ಕೀನ್ಯಾ, ಸೊಮಾಲಿಯಾ ಮತ್ತು ಇಥಿಯೋಪಿಯಾಗಳ ಒಣಸೀಮೆಯಲ್ಲಿ ಐದು ಮಳೆಗಾಲಗಳು ಒಂದರ ಹಿಂದೊಂದು ಕೈಕೊಟ್ಟವು. ಈ ಭಾಗದಲ್ಲಿ ವರ್ಷಕ್ಕೆ ಎರಡು ಮಳೆಗಾಲಗಳಿರುತ್ತವೆ. ಹವಾಮಾನ ಬದಲಾವಣೆಯು ಇಂಥ ಬರದ ಸಾಧ್ಯತೆಯನ್ನು ಕನಿಷ್ಠ ನೂರು ಪಟ್ಟು ಹೆಚ್ಚಿಸಿದೆ ಎಂದು ವರ್ಲ್ಡ್ ವೆದರ್ ಆಟ್ರಿಬ್ಯೂಷನ್ ಎಂಬ ವಿಜ್ಞಾನಿಗಳ ಬಳಗ 2023ರಲ್ಲಿ ಅಂದಾಜಿಸಿತು. ಬರ ನಡೆಯುತ್ತಿದ್ದಾಗಲೇ ಉಕ್ರೇನಿನಲ್ಲಿ ಯುದ್ಧ ಶುರುವಾಗಿ ಗೋಧಿ, ರಸಗೊಬ್ಬರ, ಕಚ್ಚಾ ತೈಲ ಮೂರರ ಬೆಲೆಯೂ ಏರಿತು. ಅಮೆರಿಕದಲ್ಲಿ ಬಡ್ಡಿ ದರ ಏರಿದ್ದರಿಂದ ಡಾಲರ್ ಬಲವಾಯಿತು. 2022ರ ಆರಂಭದಲ್ಲಿ ಡಾಲರಿಗೆ ಸುಮಾರು 113 ಇದ್ದ ಕೀನ್ಯಾದ ಶಿಲ್ಲಿಂಗ್ 2024ರ ಜನವರಿಯ ಹೊತ್ತಿಗೆ 160ರ ಆಸುಪಾಸಿಗೆ ಕುಸಿಯಿತು. 2014ರಲ್ಲಿ ಎತ್ತಿದ್ದ 200 ಕೋಟಿ ಡಾಲರಿನ ಬಾಂಡ್ ಸಾಲವನ್ನು ತೀರಿಸುವ ಗಡುವು 2024ರ ಜೂನಿಗೆ ಬಂದಿತ್ತು.

ಇವನ್ನು ನಾಲ್ಕು ಪ್ರತ್ಯೇಕ ಬಿಕ್ಕಟ್ಟುಗಳೆಂದು ಓದಿದರೆ ಏನೂ ಅರ್ಥವಾಗುವುದಿಲ್ಲ ಎಂಬುದು ನನ್ನ ಮೊದಲ ಮಾತು. ಮಳೆ ಬಾರದಿದ್ದರೆ ತಾನಾ ನದಿಯ ಮೇಲಿನ ಮಸಿಂಗ ಮೊದಲಾದ ಜಲಾಶಯಗಳು ತಗ್ಗುತ್ತವೆ. ಜಲವಿದ್ಯುತ್ ತಗ್ಗಿದರೆ ಫರ್ನೇಸ್ ಎಣ್ಣೆ ಮತ್ತು ಡೀಸೆಲ್ ಸುಡುವ ಸ್ಥಾವರಗಳನ್ನು ಓಡಿಸಬೇಕಾಗುತ್ತದೆ. ಎಣ್ಣೆಗೆ ಡಾಲರ್ ಬೇಕು. ಡಾಲರ್ ಹೊರಗೆ ಹೋದಷ್ಟೂ ಶಿಲ್ಲಿಂಗ್ ಇಳಿದು ಆಮದು ಗೊಬ್ಬರ ತುಟ್ಟಿಯಾಗುತ್ತದೆ. ಗೊಬ್ಬರ ಕೊಳ್ಳಲಾಗದ ರೈತನ ಮೆಕ್ಕೆಜೋಳದ ಇಳುವರಿ, ಒಂದು ವೇಳೆ ಮುಂದಿನ ಮಳೆ ಬಂದರೂ, ಕುಗ್ಗಿರುತ್ತದೆ. 1999–2000ರ ಬರದಲ್ಲಿ ಈ ಸರಪಳಿಯ ಮೊದಲ ಕೊಂಡಿಗಳು ಕಣ್ಣಿಗೆ ಕಾಣುವಂತೆಯೇ ಬಿಗಿದವು. ಆಗ ದೇಶದ ವಿದ್ಯುತ್ತಿನ ಬಹುಪಾಲು ನೀರಿನಿಂದಲೇ ಬರುತ್ತಿತ್ತು. ಜಲಾಶಯಗಳು ಬರಿದಾಗಿ, ತಿಂಗಳುಗಟ್ಟಲೆ ವಿದ್ಯುತ್ ಪಡಿತರ ಜಾರಿಯಾಯಿತು, ಕಾರ್ಖಾನೆಗಳು ನಿಂತವು, ತುರ್ತಾಗಿ ಬಾಡಿಗೆ ಡೀಸೆಲ್ ಯಂತ್ರಗಳನ್ನು ತರಿಸಬೇಕಾಯಿತು.

2022ರ ಬರ ಅದಕ್ಕಿಂತ ದೀರ್ಘವಾಗಿದ್ದರೂ ಅಂಥ ಪಡಿತರ ಮರಳಿ ಬರಲಿಲ್ಲ. ಅದಕ್ಕೆ ಮುಖ್ಯ ಕಾರಣ ನೈವಾಷಾ ಸರೋವರದ ಪಕ್ಕದ ಓಲ್ಕಾರಿಯಾ. ಪೂರ್ವ ಆಫ್ರಿಕಾದ ಮಹಾ ಸೀಳುಕಣಿವೆಯಲ್ಲಿ ಭೂಮಿಯ ಹೊರಪದರ ಹಿಗ್ಗಿ ತೆಳುವಾಗಿರುವುದರಿಂದ ಅಲ್ಲಿ ಶಾಖ ಮೇಲಕ್ಕೆ ಬಂದಿದೆ. ಎರಡು ಮೂರು ಕಿಲೋಮೀಟರ್ ಕೊರೆದರೆ 300 ಡಿಗ್ರಿ ದಾಟಿದ ನೀರು, ಉಗಿ ಸಿಗುತ್ತವೆ. 1950ರ ದಶಕದಲ್ಲಿ ಕೊರೆದ ಮೊದಲ ಎರಡು ಬಾವಿಗಳು ಫಲ ಕೊಡಲಿಲ್ಲ. 1973ರ ತೈಲ ಬಿಕ್ಕಟ್ಟಿನ ಕಾಲದಲ್ಲಿ ವಿಶ್ವಸಂಸ್ಥೆಯ ನೆರವಿನಿಂದ ಶೋಧ ಮತ್ತೆ ಚುರುಕಾಗಿ, 1981ರಲ್ಲಿ 15 ಮೆಗಾವಾಟಿನ ಮೊದಲ ಘಟಕ ಓಡತೊಡಗಿತು. ಇಂದು ದೇಶದ ಭೂಶಾಖ ವಿದ್ಯುತ್ ಸಾಮರ್ಥ್ಯ 900 ಮೆಗಾವಾಟ್ ದಾಟಿದೆ, ಒಟ್ಟು ಉತ್ಪಾದನೆಯಲ್ಲಿ ಅದರ ಪಾಲು ಶೇ. 40ಕ್ಕೂ ಹೆಚ್ಚು. ಮಳೆ, ಗಾಳಿ, ಬಿಸಿಲು, ಹಡಗಿನ ಬಾಡಿಗೆ, ಯಾವುದೋ ಜಲಸಂಧಿಯ ಯುದ್ಧ, ಇವಾವುವೂ ಆ ಉಗಿಯನ್ನು ತಡೆಯಲಾರವು. ಸರಪಳಿಯಲ್ಲಿ ಒಂದು ಕೊಂಡಿಯನ್ನಾದರೂ ಕಳಚಿದರೆ ಅದರ ಎಳೆತ ಮುಂದಿನ ಕೊಂಡಿಗೆ ತಲುಪುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ತಿಳಿದಿಲ್ಲ.

ಆಹಾರದ ಕಡೆಗೂ ಒಂದು ಮಾತು ಸೇರಿಸಬೇಕು. 2004ರಲ್ಲಿ ಕೀನ್ಯಾದ ಪೂರ್ವ ಭಾಗದಲ್ಲಿ ಅಫ್ಲಾಟಾಕ್ಸಿನ್ ವಿಷ ಸೇರಿದ ಮೆಕ್ಕೆಜೋಳ ತಿಂದು 125 ಮಂದಿ ಸತ್ತರು. ಬರದಲ್ಲಿ ಸೊರಗಿದ ಬೆಳೆ, ಸರಿಯಾಗಿ ಒಣಗದೆ ಚೀಲ ಸೇರಿದ ಕಾಳು, ಇವೆರಡೂ ಕೂಡಿದಾಗ ಆ ಶಿಲೀಂಧ್ರ ಬೆಳೆಯುತ್ತದೆ. ನಕುರು ಊರಿನ ಬಳಿಯ ಮೆನೆಂಗಾಯಿ ಕುಳಿಯಲ್ಲಿ ಸರಕಾರಿ ಭೂಶಾಖ ಅಭಿವೃದ್ಧಿ ಕಂಪನಿಯು ಬಾವಿಯ ಬಿಸಿನೀರಿನಿಂದ ಕಾಳು ಒಣಗಿಸುವ, ಹಾಲು ಕಾಯಿಸುವ, ಹಸಿರುಮನೆ ಬೆಚ್ಚಗಿಡುವ ಘಟಕಗಳನ್ನು ನಡೆಸಿ ತೋರಿಸಿದೆ. ಇವು ಪ್ರಾತ್ಯಕ್ಷಿಕೆಯ ಗಾತ್ರದವು. ಆದರೂ ವಿದ್ಯುತ್ತಿಗಿಂತ ಶಾಖವೇ ಬಡವನ ಅಡುಗೆಮನೆಗೆ ಹತ್ತಿರ ಎಂದು ನನಗೆ ಅನಿಸಿದ್ದು ಅಲ್ಲಿಯೇ.

ನಿಮ್ಮ ಅಭಿಪ್ರಾಯ, ವಿರೋಧ ಎರಡನ್ನೂ ಕೇಳಲು ಬಯಸುತ್ತೇನೆ.

ಲೆಕ್ಕಪತ್ರ (ಹುಬ್ಬಳ್ಳಿ)

ಸರ್, ಸರಪಳಿಯ ವಿವರಣೆ ಒಪ್ಪುವಂಥದ್ದು. ಆದರೆ ಕೊಂಡಿ ನಿಜವಾಗಿ ಕಳಚಿದೆಯೇ ಎಂಬ ಬಗ್ಗೆ ನನಗೆ ಅನುಮಾನವಿದೆ. ನಾನು ಅರ್ಥಶಾಸ್ತ್ರ ಕಲಿಸುವವನು, ಆದ್ದರಿಂದ ಮೊದಲು ಬಿಲ್ಲನ್ನೇ ನೋಡುತ್ತೇನೆ. ಕೀನ್ಯಾದ ಗೃಹಬಳಕೆಯ ವಿದ್ಯುತ್ ಬಿಲ್ಲಿನಲ್ಲಿ ಇಂಧನ ವೆಚ್ಚದ ಸಾಲು ಒಂದಿದ್ದರೆ, ವಿದೇಶಿ ವಿನಿಮಯ ದರದ ಏರಿಳಿತವನ್ನು ಸರಿದೂಗಿಸುವ ಸಾಲು ಇನ್ನೊಂದಿದೆ. ಓಲ್ಕಾರಿಯಾದ ಸ್ಥಾವರಗಳನ್ನು ಕಟ್ಟಿದ್ದು ವಿಶ್ವಬ್ಯಾಂಕ್, ಜಪಾನ್, ಯೂರೋಪು, ಚೀನಾಗಳ ಹಣದಿಂದ. ಆ ಸಾಲ ತೀರುವುದು ಡಾಲರಿನಲ್ಲಿ, ಯೆನ್ನಿನಲ್ಲಿ, ಯೂರೋದಲ್ಲಿ. ಶಿಲ್ಲಿಂಗ್ ಕುಸಿದಾಗ ನೆಲದೊಳಗಿನ ಉಗಿಯ ಬೆಲೆ ಏರುವುದಿಲ್ಲ ನಿಜ, ಆದರೆ ಆ ಉಗಿಯನ್ನು ಹೊರತಂದ ಸಾಲದ ಕಂತು ಏರುತ್ತದೆ, ಅದು ನೈರೋಬಿಯ ಬಾಡಿಗೆ ಮನೆಯ ಮೀಟರಿನವರೆಗೂ ಬರುತ್ತದೆ. ಹಾಗಾದರೆ ಬರದ ಕೊಂಡಿಯನ್ನು ಕಳಚಿ ಸಾಲದ ಕೊಂಡಿಯನ್ನು ಬಿಗಿ ಮಾಡಿದಂತಾಗಲಿಲ್ಲವೇ?

ಇನ್ನೊಂದು ಪ್ರಶ್ನೆ. 2023ರ ಆಗಸ್ಟಿನಲ್ಲಿ ಇಡೀ ಕೀನ್ಯಾ ಕತ್ತಲಲ್ಲಿ ಮುಳುಗಿತ್ತು, ನೈರೋಬಿಯ ವಿಮಾನ ನಿಲ್ದಾಣವೂ ಸೇರಿದಂತೆ. ಉಗಿ ಇದ್ದೂ ಹೀಗಾಯಿತಲ್ಲ?

ಕಣಿವೆಯಂಚು (ನೈರೋಬಿ)

ಎರಡನೆಯದಕ್ಕೆ ಉತ್ತರ ಚಿಕ್ಕದು. ಕತ್ತಲಾದದ್ದು ಉತ್ಪಾದನೆಯ ಕೊರತೆಯಿಂದಲ್ಲ, ಜಾಲ ಕುಸಿದದ್ದರಿಂದ. ತಂತಿ ಮತ್ತು ಉಪಕೇಂದ್ರಗಳಿಗೆ ಹಣ ಹಾಕದೆ ಬರೀ ಸ್ಥಾವರ ಕಟ್ಟಿದ ಎಲ್ಲ ದೇಶಗಳಿಗೂ ಈ ಗತಿ ಬರುತ್ತದೆ.

ಮೊದಲ ಪ್ರಶ್ನೆ ಗಂಭೀರವಾದದ್ದು. ಸಾಲದ ಭಾರವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಎಣ್ಣೆಯ ವೆಚ್ಚಕ್ಕೂ ಬಾವಿಯ ಸಾಲಕ್ಕೂ ಒಂದು ಮೂಲಭೂತ ವ್ಯತ್ಯಾಸವಿದೆ: ಬಾವಿಯ ಸಾಲಕ್ಕೆ ಕೊನೆಯ ಕಂತು ಎಂಬುದೊಂದಿರುತ್ತದೆ. 1981ರಿಂದ 1985ರ ನಡುವೆ ಶುರುವಾದ ಓಲ್ಕಾರಿಯಾದ ಮೊದಲ ಮೂರು ಘಟಕಗಳು ಮೂರು ದಶಕಗಳಿಗೂ ಹೆಚ್ಚು ಕಾಲ ಓಡಿದವು. ಆ ಅವಧಿಯಲ್ಲಿ ಅವುಗಳಿಗಾಗಿ ಒಂದು ಲೀಟರ್ ಇಂಧನವನ್ನೂ ಆಮದು ಮಾಡಿಕೊಳ್ಳಬೇಕಾಗಲಿಲ್ಲ. ಅದೇ ಸಾಮರ್ಥ್ಯದ ಎಣ್ಣೆ ಸ್ಥಾವರವಾಗಿದ್ದರೆ ಪ್ರತಿ ದಿನ ಡಾಲರ್ ಬೇಕಾಗುತ್ತಿತ್ತು, ಅದೂ ತೈಲಬೆಲೆ ಗಗನಕ್ಕೇರಿದ ದಿನ ಅತಿ ಹೆಚ್ಚು.

ಸಾಲ ಎಷ್ಟು ತುಟ್ಟಿ ಎಂಬುದನ್ನು ನಿರ್ಧರಿಸುವುದು ಮುಖ್ಯವಾಗಿ ಮೊದಲ ಬಾವಿಯ ಅನಿಶ್ಚಿತತೆ. ಒಂದು ಬಾವಿಗೆ ಹಲವು ದಶಲಕ್ಷ ಡಾಲರ್ ಸುರಿದ ಮೇಲೂ ಉಗಿ ಸಿಗದೆ ಹೋಗಬಹುದು. ಖಾಸಗಿ ಬಂಡವಾಳ ಆ ಅಪಾಯಕ್ಕೆ ಹೆದರುತ್ತದೆ, ಹೆದರದಿದ್ದರೆ ಭಾರಿ ಲಾಭ ಕೇಳುತ್ತದೆ. ಕೀನ್ಯಾ 2008ರಲ್ಲಿ ಮೆನೆಂಗಾಯಿಯ ಆ ಸರಕಾರಿ ಕಂಪನಿಯನ್ನು ಕಟ್ಟಿದ್ದೇ ಇದಕ್ಕಾಗಿ: ಕೊರೆಯುವ ಅಪಾಯವನ್ನು ಸರಕಾರ ಹೊರುತ್ತದೆ, ಉಗಿ ಖಚಿತವಾದ ಮೇಲೆ ಅದನ್ನು ಖಾಸಗಿ ಸ್ಥಾವರಗಳಿಗೆ ಮಾರುತ್ತದೆ. ಮೆನೆಂಗಾಯಿಯಲ್ಲಿ ತಲಾ 35 ಮೆಗಾವಾಟಿನ ಮೂರು ಸ್ಥಾವರಗಳ ಯೋಜನೆ ಈ ದಾರಿಯದು. ಅವುಗಳಲ್ಲಿ ಮೊದಲನೆಯದು 2023ರಲ್ಲಷ್ಟೇ ಶುರುವಾಯಿತು. ನಿಧಾನವಾಯಿತು, ನಿಜ. ಆದರೂ ದಾರಿ ಸರಿಯಾದದ್ದೆಂದೇ ನನ್ನ ನಂಬಿಕೆ.

ಶಿಲಾಪದರ (ಬಳ್ಳಾರಿ)

ಚರ್ಚೆಯನ್ನು ಆಸಕ್ತಿಯಿಂದ ಓದಿದೆ. ಭೂವಿಜ್ಞಾನದಲ್ಲಿ ಕೆಲಸ ಮಾಡಿ ನಿವೃತ್ತನಾದವನಾಗಿ ಎರಡು ಎಚ್ಚರಿಕೆಗಳನ್ನು ಹೇಳಬೇಕಾಗಿದೆ.

ಮೊದಲನೆಯದು ನಮ್ಮ ನಾಡಿನ ಬಗ್ಗೆ, ಏಕೆಂದರೆ ಇದನ್ನು ಓದಿದವರು ಮುಂದೆ ಕೇಳುವ ಪ್ರಶ್ನೆ 'ಕರ್ನಾಟಕದಲ್ಲಿ ಏಕಿಲ್ಲ' ಎಂಬುದೇ ಆಗಿರುತ್ತದೆ. ಉತ್ತರ ಕೋಲಾರದ ಚಿನ್ನದ ಗಣಿಯಲ್ಲಿದೆ. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು. 2001ರಲ್ಲಿ ಮುಚ್ಚುವವರೆಗೆ ಜಗತ್ತಿನ ಅತ್ಯಂತ ಆಳದ ಗಣಿಗಳ ಸಾಲಿನಲ್ಲಿತ್ತು. ಅಷ್ಟು ಆಳದಲ್ಲಿ ಬಂಡೆಯ ಉಷ್ಣತೆ ಸುಮಾರು 65 ಡಿಗ್ರಿ. ಕೆಲಸಗಾರನ ಪಾಲಿಗೆ ಅದು ನರಕದ ಬಿಸಿ, ಟರ್ಬೈನಿನ ಪಾಲಿಗೆ ತೀರಾ ತಣ್ಣಗೆ. ಸಾಧಾರಣವಾಗಿ ಭೂಖಂಡಗಳಲ್ಲಿ ಒಂದು ಕಿಲೋಮೀಟರ್ ಇಳಿದಂತೆ 25ರಿಂದ 30 ಡಿಗ್ರಿ ಬಿಸಿ ಏರುತ್ತದೆ. ಕೋಲಾರದಲ್ಲಿ ಏರುವುದು ಅದರ ಅರ್ಧದಷ್ಟೇ. ಧಾರವಾಡ ಶಿಲಾಸ್ತೋಮ 250 ಕೋಟಿ ವರ್ಷಗಳಿಗೂ ಹಳೆಯದು, ಅದರಡಿಯ ಶಿಲಾಕವಚ ದಪ್ಪ ಮತ್ತು ತಣ್ಣಗಿನದು. ಕೋಲಾರದ ಪಟ್ಟಿಯಲ್ಲಿ ಶಾಖ ಉತ್ಪಾದಿಸುವ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂಗಳೂ ಕಡಿಮೆ. ಆ ಲೆಕ್ಕದಲ್ಲಿ 200 ಡಿಗ್ರಿ ಮುಟ್ಟಲು 13 ಕಿಲೋಮೀಟರಿನಷ್ಟು ಕೊರೆಯಬೇಕಾದೀತು. ಮನುಷ್ಯ ಈವರೆಗೆ ಕೊರೆದಿರುವ ಅತ್ಯಂತ ಆಳದ ರಂಧ್ರ ರಷ್ಯಾದ ಕೋಲಾ ಪರ್ಯಾಯದ್ವೀಪದ್ದು, 12,262 ಮೀಟರ್. ಅದಕ್ಕೆ ಎರಡು ದಶಕಗಳು ಹಿಡಿದವು.

ಪುತ್ತೂರು ತಾಲೂಕಿನ ಇರ್ದೆಯ ಬೆಂದ್ರ್ ತೀರ್ಥವನ್ನು ಯಾರಾದರೂ ನೆನಪಿಸುತ್ತಾರೆಂದು ಗೊತ್ತು. ಅದು ಉಗುರುಬೆಚ್ಚಗಿನ ಬುಗ್ಗೆ, ಅದನ್ನು ಬುಗ್ಗೆಯಾಗಿಯೇ ಕಾಪಾಡಿಕೊಂಡರೆ ಸಾಕು. ಅದರಿಂದ ವಿದ್ಯುತ್ ಬಯಸುವುದು ಬೇಡ.

ಎರಡನೆಯ ಎಚ್ಚರಿಕೆ ಕೊರೆತದ ಬಗ್ಗೆ. ಇತ್ತೀಚೆಗೆ ಅಮೆರಿಕದಲ್ಲಿ ಬಿಸಿ ಬಂಡೆಯಿದ್ದು ನೀರಿಲ್ಲದ ಕಡೆ, ಒತ್ತಡದ ನೀರಿನಿಂದ ಬಂಡೆಯನ್ನು ಬಿರುಕು ಬಿಡಿಸಿ ಶಾಖ ತೆಗೆಯುವ ವಿಧಾನಕ್ಕೆ ಹೊಸ ಜೀವ ಬಂದಿದೆ. ನೆವಾಡದಲ್ಲಿ ಫರ್ವೊ ಕಂಪನಿ 2023ರಲ್ಲಿ ಅಡ್ಡ ಬಾವಿಗಳಿಂದ 3.5 ಮೆಗಾವಾಟಿನಷ್ಟು ಶಕ್ತಿ ಪಡೆಯಬಹುದೆಂದು ತೋರಿಸಿ, ಈಗ ಯೂಟಾದಲ್ಲಿ ದೊಡ್ಡ ಸ್ಥಾವರ ಕಟ್ಟುತ್ತಿದೆ. ಅಂತರರಾಷ್ಟ್ರೀಯ ಇಂಧನ ಸಂಸ್ಥೆ 2024ರ ವರದಿಯಲ್ಲಿ, ವೆಚ್ಚ ಇಳಿದರೆ 2050ರವರೆಗಿನ ವಿದ್ಯುತ್ ಬೇಡಿಕೆಯ ಹೆಚ್ಚಳದಲ್ಲಿ ಶೇ. 15ರಷ್ಟನ್ನು ಭೂಶಾಖ ಪೂರೈಸಬಲ್ಲದು ಎಂದಿತು. ಭರವಸೆ ದೊಡ್ಡದು. ಆದರೆ ದಕ್ಷಿಣ ಕೊರಿಯಾದ ಪೊಹಾಂಗಿನಲ್ಲಿ ಇದೇ ಬಗೆಯ ಪ್ರಯೋಗ ನಡೆಯುತ್ತಿತ್ತು. 2017ರ ನವೆಂಬರ್ 15ರಂದು ಅಲ್ಲಿ 5.4 ತೀವ್ರತೆಯ ಭೂಕಂಪವಾಯಿತು. ಮರುದಿನ ನಡೆಯಬೇಕಿದ್ದ ರಾಷ್ಟ್ರೀಯ ಕಾಲೇಜು ಪ್ರವೇಶ ಪರೀಕ್ಷೆಯನ್ನು ಇಡೀ ದೇಶದಲ್ಲಿ ಒಂದು ವಾರ ಮುಂದೂಡಬೇಕಾಯಿತು. ನೀರು ತುಂಬಿದ್ದರಿಂದಲೇ ಆ ಕಂಪನ ಕೆರಳಿತು ಎಂದು ಸರಕಾರ ನೇಮಿಸಿದ ತಜ್ಞರ ತಂಡ 2019ರಲ್ಲಿ ಹೇಳಿತು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 2006ರಲ್ಲಿ ಆದದ್ದು ಇದಕ್ಕಿಂತ ಚಿಕ್ಕದು, ಆದರೂ ಯೋಜನೆ ನಿಂತಿತು.

ನೀರು, ಉಗಿ ತಾವಾಗಿಯೇ ಇರುವ ಓಲ್ಕಾರಿಯಾದಂಥ ಕ್ಷೇತ್ರವನ್ನೂ, ಬಂಡೆ ಒಡೆಯಬೇಕಾದ ಕ್ಷೇತ್ರವನ್ನೂ ಒಂದೇ ಹೆಸರಿನಲ್ಲಿ ಹೊಗಳಬಾರದು ಎಂಬುದು ನನ್ನ ವಿನಂತಿ.

ಹಿನ್ನೀರು (ಸಾಗರ)

ನಾನು ಶಾಲಾ ಶಿಕ್ಷಕಿ, ತಾಂತ್ರಿಕ ವಿಷಯ ನನಗೆ ಅಷ್ಟಾಗಿ ತಿಳಿಯದು. ಆದರೆ ಮೇಲಿನ ಯಾವ ಬರಹದಲ್ಲಿಯೂ ಓಲ್ಕಾರಿಯಾದ ನೆಲದ ಮೇಲೆ ಯಾರಿದ್ದರು ಎಂಬ ಮಾತೇ ಬರಲಿಲ್ಲವೆಂದು ಬರೆಯುತ್ತಿದ್ದೇನೆ. ಅಲ್ಲಿ ಇದ್ದವರು ಮಾಸಾಯಿ ಪಶುಪಾಲಕರು. 1904 ಮತ್ತು 1911ರಲ್ಲಿ ಬ್ರಿಟಿಷರು ಮಾಡಿಕೊಂಡ ಒಪ್ಪಂದಗಳಿಂದಲೇ ಸೀಳುಕಣಿವೆಯ ಒಳ್ಳೆಯ ಹುಲ್ಲುಗಾವಲು ಅವರ ಕೈತಪ್ಪಿತ್ತು. 1984ರಲ್ಲಿ ಹೆಲ್ಸ್ ಗೇಟ್ ರಾಷ್ಟ್ರೀಯ ಉದ್ಯಾನ ಬಂತು. 2014ರಲ್ಲಿ, 140 ಮೆಗಾವಾಟಿನ ನಾಲ್ಕನೆಯ ಸ್ಥಾವರಕ್ಕಾಗಿ ನಾಲ್ಕು ಹಟ್ಟಿಗಳ ಸುಮಾರು 150 ಕುಟುಂಬಗಳನ್ನು ಬೇರೆ ಕಡೆಗೆ ಸ್ಥಳಾಂತರಿಸಿದರು. ಆ ಕುಟುಂಬಗಳು ವಿಶ್ವಬ್ಯಾಂಕಿನ ಪರಿಶೀಲನಾ ಮಂಡಳಿಗೆ, ಯೂರೋಪಿನ ಹೂಡಿಕೆ ಬ್ಯಾಂಕಿಗೆ ದೂರು ಕೊಟ್ಟವು. ಬ್ಯಾಂಕಿನ ಸ್ವಂತ ನಿಯಮಗಳೇ ಪಾಲನೆಯಾಗಿಲ್ಲವೆಂದು ಹೊರಬಿದ್ದ ಮೇಲೆ ಮಧ್ಯಸ್ಥಿಕೆ ನಡೆಯಿತು.

ನಮ್ಮದು ಶರಾವತಿ ಮುಳುಗಡೆ ಕುಟುಂಬ. 1964ರಲ್ಲಿ ಲಿಂಗನಮಕ್ಕಿ ತುಂಬಿದಾಗ ಅಡಿಕೆ ತೋಟ, ಗದ್ದೆ, ದೇವಸ್ಥಾನ ಎಲ್ಲವೂ ನೀರಿನಡಿ ಹೋದವು. ಆಗಲೂ ಜನ ಕೇಳಿದ್ದು ಇದೇ ಮಾತು: ನಾಡು ಕತ್ತಲಲ್ಲಿದೆ, ದೇಶಕ್ಕೆ ವಿದ್ಯುತ್ ಬೇಕು, ಇಂಧನ ಆಮದು ಕಡಿಮೆಯಾಗಬೇಕು. ಆ ಮಾತು ಸುಳ್ಳಾಗಿರಲಿಲ್ಲ. ಶರಾವತಿಯ 1035 ಮೆಗಾವಾಟ್ ಈ ರಾಜ್ಯವನ್ನು ದಶಕಗಳ ಕಾಲ ಬೆಳಗಿತು. ಆದರೆ ಹಿನ್ನೀರಿನ ಎಷ್ಟೋ ಹಳ್ಳಿಗಳಿಗೆ ಅದೇ ವಿದ್ಯುತ್ ಬರಲು ದಶಕಗಳು ಹಿಡಿದವು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆಯಾದದ್ದು 2025ರಲ್ಲಿ. ಅರಣ್ಯ ಭೂಮಿಯೆಂಬ ತಕರಾರಿನಲ್ಲಿ ಹಕ್ಕುಪತ್ರಕ್ಕಾಗಿ ಇಂದಿಗೂ ಅಲೆಯುತ್ತಿರುವ ಮುಳುಗಡೆ ಸಂತ್ರಸ್ತರಿದ್ದಾರೆ. ಬಿಕ್ಕಟ್ಟುಗಳು ಒಂದಕ್ಕೊಂದು ಹೆಣೆದುಕೊಂಡಿವೆ ಎಂದು ಹೇಳುವಾಗ, ಒಂದು ಬಿಕ್ಕಟ್ಟಿನ ಪರಿಹಾರವನ್ನು ಯಾರ ಅಂಗಳದಲ್ಲಿ ಹೂಡುತ್ತೇವೋ ಅವರಿಗೆ ಅದೇ ಹೊಸ ಬಿಕ್ಕಟ್ಟಾಗುತ್ತದೆ ಎಂಬುದನ್ನೂ ಆ ಹೆಣಿಗೆಯಲ್ಲಿ ಸೇರಿಸಬೇಕು.

ಕಣಿವೆಯಂಚು (ನೈರೋಬಿ)

ಮೇಡಂ, ನೀವು ಹೇಳಿದ್ದರಲ್ಲಿ ಅಲ್ಲಗಳೆಯುವಂಥದ್ದು ಏನೂ ಇಲ್ಲ. ಒಂದನ್ನು ಮಾತ್ರ ಸೇರಿಸುತ್ತೇನೆ. ಅಣೆಕಟ್ಟಿಗೆ ಹೋಲಿಸಿದರೆ ಭೂಶಾಖ ಸ್ಥಾವರಕ್ಕೆ ಬೇಕಾಗುವ ನೆಲ ಬಹಳ ಕಡಿಮೆ: ಬಾವಿಕಟ್ಟೆಗಳು, ಕೊಳವೆಗಳು, ಸ್ಥಾವರದ ಕಟ್ಟಡ. ಕೊಳವೆಗಳನ್ನು ಅಲ್ಲಲ್ಲಿ ಕಮಾನಿನಂತೆ ಎತ್ತರಿಸಿ ಜಿರಾಫೆಗಳು ಕೆಳಗೆ ದಾಟಿಹೋಗುವಂತೆ ಮಾಡಿದ್ದಾರೆ. ಜಿರಾಫೆಗೆ ದಾರಿ ಬಿಟ್ಟವರಿಗೆ ದನಗಾಹಿಗಳ ಮಾತು ಮೊದಲೇ ಕೇಳಲು ಏನು ಅಡ್ಡಿಯಿತ್ತು ಎಂಬುದು ನನ್ನದೂ ಪ್ರಶ್ನೆ. 2019ರ ಕೀನ್ಯಾ ಇಂಧನ ಕಾಯಿದೆ, ಭೂಶಾಖದ ರಾಯಧನದಲ್ಲಿ ಶೇ. 75 ಕೇಂದ್ರಕ್ಕೆ, ಶೇ. 20 ಕೌಂಟಿ ಸರಕಾರಕ್ಕೆ, ಶೇ. 5 ಸ್ಥಳೀಯ ಸಮುದಾಯಕ್ಕೆ ಎಂದು ಬರೆದಿದೆ. ಸ್ಥಳಾಂತರ ನಡೆದ ಐದು ವರ್ಷಗಳ ಮೇಲೆ ಬಂದ ಕಾನೂನು ಅದು.

ಇಸಾರ್ ತೀರ (ಮ್ಯೂನಿಕ್)

ಇಲ್ಲಿ ಜರ್ಮನಿಯಲ್ಲಿ 2022ರ ಚಳಿಗಾಲಕ್ಕೆ ಮುಂಚೆ ಎಲ್ಲರ ಬಾಯಲ್ಲೂ ಒಂದೇ ಮಾತಿತ್ತು: ರಷ್ಯಾದ ಗ್ಯಾಸ್ ನಿಂತರೆ ಮನೆ ಹೇಗೆ ಬೆಚ್ಚಗಾಗಬೇಕು? ವಿದ್ಯುತ್ತಿನ ಚರ್ಚೆಯಲ್ಲಿ ನಾವು ಶಾಖವನ್ನು ಮರೆಯುತ್ತೇವೆ. ಮ್ಯೂನಿಕ್ ನಗರದಡಿ ಎರಡು ಮೂರು ಕಿಲೋಮೀಟರ್ ಆಳದ ಸುಣ್ಣಕಲ್ಲಿನ ಪದರದಲ್ಲಿ 80ರಿಂದ 120 ಡಿಗ್ರಿಯ ನೀರಿದೆ. ಆ ಬಿಸಿಗೆ ವಿದ್ಯುತ್ ತಯಾರಿಸುವುದು ಅಷ್ಟು ಲಾಭದಾಯಕವಲ್ಲ, ಆದರೆ ಮನೆಗಳಿಗೆ ನೇರವಾಗಿ ಹಾಯಿಸಲು ಬೇಕಾದಷ್ಟಾಯಿತು. ನಗರಸಭೆಯ ಒಡೆತನದ ಕಂಪನಿ 2004ರಿಂದ ರೀಮ್ ಬಡಾವಣೆಗೆ ಹೀಗೆಯೇ ಶಾಖ ಕೊಡುತ್ತಿದೆ, ಈಗ ಇಡೀ ನಗರದ ಶಾಖ ಜಾಲವನ್ನು ಹೆಚ್ಚಾಗಿ ಭೂಶಾಖದ ಮೇಲೆಯೇ ನಿಲ್ಲಿಸುವ ಗುರಿ ಇಟ್ಟುಕೊಂಡಿದೆ.

ಐಸ್‌ಲ್ಯಾಂಡ್ ಇದಕ್ಕಿಂತ ಬಹಳ ಹಿಂದೆಯೇ ಈ ದಾರಿ ಹಿಡಿದಿತ್ತು. 1973ರ ತೈಲ ಆಘಾತದವರೆಗೂ ಅಲ್ಲಿನ ಮನೆಗಳಲ್ಲಿ ಅರ್ಧದಷ್ಟು ಎಣ್ಣೆ ಒಲೆಗಳಿಂದ ಬೆಚ್ಚಗಾಗುತ್ತಿದ್ದವು. ಇಂದು ಹತ್ತರಲ್ಲಿ ಒಂಬತ್ತು ಮನೆಗಳಿಗೆ ಭೂಮಿಯ ಬಿಸಿನೀರು ಬರುತ್ತದೆ. ಆದರೆ ಅದೂ ಸಂಪೂರ್ಣ ನಿಶ್ಚಿಂತೆಯಲ್ಲ. 2024ರ ಫೆಬ್ರವರಿಯಲ್ಲಿ ಗ್ರಿಂಡವಿಕ್ ಬಳಿಯ ಜ್ವಾಲಾಮುಖಿಯ ಲಾವಾ ಸ್ವಾರ್ಟ್ಸೆಂಗಿ ಸ್ಥಾವರದಿಂದ ಹೊರಡುವ ಬಿಸಿನೀರ ಕೊಳವೆಯ ಮೇಲೆ ಹರಿದು, ರೇಕ್ಯಾನೆಸ್ ಪರ್ಯಾಯದ್ವೀಪದ 20,000ಕ್ಕೂ ಹೆಚ್ಚು ಜನ ಕೊರೆಯುವ ಚಳಿಯಲ್ಲಿ ದಿನಗಟ್ಟಲೆ ಶಾಖವಿಲ್ಲದೆ ಉಳಿದರು. ಶಾಖ ಕೊಡುವ ಭೂಮಿಯೇ ಕೊಳವೆಯನ್ನು ಸುಟ್ಟಿತು.

ಶಿಲಾಪದರ (ಬಳ್ಳಾರಿ)

ಇಂಗಾಲದ ಬಗ್ಗೆ ಯಾರೂ ಕೇಳಿಲ್ಲ, ಆದರೆ ಹೇಳದಿದ್ದರೆ ಚಿತ್ರ ಅಪೂರ್ಣವಾಗುತ್ತದೆ. ಭೂಶಾಖ ಎಂದರೆ ಹೊಗೆಯೇ ಇಲ್ಲ ಎಂಬುದು ಎಲ್ಲ ಕಡೆಯೂ ನಿಜವಲ್ಲ. ಟರ್ಕಿಯ ಪಶ್ಚಿಮ ಭಾಗದಲ್ಲಿ, ಕಾರ್ಬೊನೇಟ್ ಶಿಲೆಗಳ ನಡುವಿನಿಂದ ಬರುವ ಬಿಸಿನೀರಿನಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್ ಬಹಳ ಹೆಚ್ಚು. ಅಲ್ಲಿನ ಕೆಲವು ಸ್ಥಾವರಗಳು ಆರಂಭದ ವರ್ಷಗಳಲ್ಲಿ ಕಲ್ಲಿದ್ದಲಿಗೆ ಸಮನಾಗಿ ಅದನ್ನು ಹೊರಬಿಟ್ಟಿವೆ. ಇದಕ್ಕೆ ಪರಿಹಾರವೂ ಇದೆ. ಐಸ್‌ಲ್ಯಾಂಡಿನ ಹೆಲ್ಲಿಶೈಡಿಯಲ್ಲಿ ಆ ಅನಿಲವನ್ನು ನೀರಿನಲ್ಲಿ ಕರಗಿಸಿ ಮರಳಿ ಬಸಾಲ್ಟ್ ಶಿಲೆಗೆ ತುಂಬಿದಾಗ, ಎರಡು ವರ್ಷಗಳೊಳಗೆ ಅದರ ಶೇ. 95ರಷ್ಟು ಭಾಗ ಕಲ್ಲಾಯಿತು ಎಂದು 2016ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಡೆಕ್ಕನ್ ಬಸಾಲ್ಟಿನ ಮೇಲೆ ಕುಳಿತಿರುವ ನಮ್ಮ ವಿಜಯಪುರ, ಬೆಳಗಾವಿ, ಕಲಬುರಗಿಯವರಿಗೆ ಇದು ಬೇರೆಯದೇ ಆದ ಆಸಕ್ತಿಯ ವಿಷಯ. ಉಗಿ ಇಲ್ಲದಿದ್ದರೂ ಇಂಗಾಲವನ್ನು ಬಚ್ಚಿಡುವ ಕಲ್ಲು ನಮ್ಮಲ್ಲಿದೆ.

ಉಗಿ ಅಕ್ಷಯವೂ ಅಲ್ಲ. ಕ್ಯಾಲಿಫೋರ್ನಿಯಾದ ಗೀಸರ್ಸ್ ಕ್ಷೇತ್ರದಲ್ಲಿ 1960ರಿಂದ ಸ್ಥಾವರಗಳ ಮೇಲೆ ಸ್ಥಾವರ ಕಟ್ಟಿ, 1980ರ ದಶಕದ ಕೊನೆಗೆ ಒತ್ತಡವೇ ಕುಸಿಯಿತು. ಆಮೇಲೆ ಸ್ಯಾಂಟಾ ರೋಸಾ ನಗರದ ಶುದ್ಧೀಕರಿಸಿದ ಕೊಳಚೆ ನೀರನ್ನು 2003ರಿಂದ ಕೊಳವೆಯಲ್ಲಿ ತಂದು ನೆಲಕ್ಕೆ ತುಂಬುತ್ತಿದ್ದಾರೆ. ಬೆಂಗಳೂರಿನ ಕೊಳಚೆ ನೀರು ಸಂಸ್ಕರಣೆಯಾಗಿ ಕೋಲಾರದ ಕೆರೆಗಳಿಗೆ ಹೋಗುವ ಕೆ.ಸಿ. ವ್ಯಾಲಿ ಯೋಜನೆ ನೋಡಿದವರಿಗೆ ಇದರ ಸ್ವರೂಪ ಥಟ್ಟನೆ ಹೊಳೆಯುತ್ತದೆ.

ಕಾಫಿತೋಟ (ಮಡಿಕೇರಿ)

ಸೇನೆಯಲ್ಲಿದ್ದಾಗ ಲಡಾಖಿನಲ್ಲಿ ಕೆಲಸ ಮಾಡಿದವನು ನಾನು. ಇಷ್ಟು ಹೊತ್ತು ಕೀನ್ಯಾ, ಜರ್ಮನಿ ಎಂದೆಲ್ಲ ಓದುತ್ತಾ, ಪುಗಾ ಕಣಿವೆಯ ಹೆಸರು ಯಾವಾಗ ಬರುತ್ತದೆಂದು ಕಾಯುತ್ತಿದ್ದೆ. ಸಮುದ್ರಮಟ್ಟದಿಂದ ಸುಮಾರು 4,400 ಮೀಟರ್ ಎತ್ತರದಲ್ಲಿ, ಸುತ್ತ ಎಲ್ಲವೂ ಹೆಪ್ಪುಗಟ್ಟಿರುವಾಗ, ಅಲ್ಲಿ ನೆಲದಿಂದ ಕುದಿನೀರು, ಗಂಧಕದ ವಾಸನೆ, ಆವಿ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯ 1970ರ ದಶಕದಲ್ಲಿಯೇ ಅಲ್ಲಿ ಬಾವಿ ಕೊರೆದಿತ್ತು. ಒಎನ್‌ಜಿಸಿ 2021ರಲ್ಲಿ ಲಡಾಖ್ ಆಡಳಿತ ಮತ್ತು ಲೇಹ್ ಗುಡ್ಡಗಾಡು ಮಂಡಳಿಯ ಜೊತೆ ಒಪ್ಪಂದ ಮಾಡಿಕೊಂಡು, ಮೊದಲ ಹಂತದಲ್ಲಿ ಒಂದು ಮೆಗಾವಾಟ್ ಎಂದಿತು. 2022ರ ಆಗಸ್ಟಿನಲ್ಲಿ ಕೊರೆಯುವಾಗ ಒಳಗಿನ ದ್ರವ ನುಗ್ಗಿ ಪುಗಾ ತೊರೆಗೆ ಹರಿಯಿತು. ಆ ತೊರೆಯ ಹುಲ್ಲುಗಾವಲಿನಲ್ಲಿ ಚಾಂಗ್ಪಾ ಕುರಿಗಾಹಿಗಳ ಪಶ್ಮೀನಾ ಮೇಕೆಗಳು ಮೇಯುತ್ತವೆ. ಸಾಗರದ ಮೇಡಂ ಬರೆದದ್ದನ್ನು ಓದಿದಾಗ ನನಗೆ ನೆನಪಾದವರು ಅವರು.

ಅಲ್ಲಿ ಚಳಿಗಾಲದಲ್ಲಿ ಜೀವ ಉಳಿಸುವುದು ಸೀಮೆಎಣ್ಣೆ, ಡೀಸೆಲ್. ಬುಖಾರಿ ಒಲೆಯ ಪಕ್ಕ ಕುಳಿತವರಿಗೆ ಗೊತ್ತು, ಕಣಿವೆಯ ದಾರಿ ಹಿಮದಿಂದ ಮುಚ್ಚುವುದರೊಳಗೆ ಲಾರಿಗಟ್ಟಲೆ ಎಣ್ಣೆ ಮೇಲೇರಿಸಬೇಕು. ಯುದ್ಧದ ಆತಂಕ, ತೈಲದ ಆಮದು, ಹಿಮನದಿಗಳ ಕರಗುವಿಕೆ ಮೂರೂ ಆ ಒಂದು ಲಾರಿಯಲ್ಲಿ ಸೇರುತ್ತವೆ.

ಲೆಕ್ಕಪತ್ರ (ಹುಬ್ಬಳ್ಳಿ)

ಕೇಂದ್ರ ಸರಕಾರ 2025ರ ಸೆಪ್ಟೆಂಬರಿನಲ್ಲಿ ಭೂಶಾಖ ಶಕ್ತಿಯ ರಾಷ್ಟ್ರೀಯ ನೀತಿಯನ್ನು ಪ್ರಕಟಿಸಿದೆ. ದೇಶದ ಸಂಭಾವ್ಯ ಸಾಮರ್ಥ್ಯ 10,600 ಮೆಗಾವಾಟ್ ಎಂಬ ಅಂದಾಜು ಬಹಳ ವರ್ಷಗಳಿಂದ ಚಾಲ್ತಿಯಲ್ಲಿದೆ. ಕಟ್ಟಿರುವುದು ಮಾತ್ರ ತೆಲಂಗಾಣದ ಮಣುಗೂರಿನಲ್ಲಿ ಸಿಂಗರೇಣಿ ಕಲ್ಲಿದ್ದಲು ಸಂಸ್ಥೆಯ 20 ಕಿಲೋವಾಟಿನಂಥ ಪ್ರಾಯೋಗಿಕ ಘಟಕಗಳಷ್ಟೇ. ಮಧ್ಯದ ಅಂತರವನ್ನು ನೋಡಿದರೆ, ಕಣಿವೆಯಂಚು ಅವರು ಹೇಳಿದ ಮೊದಲ ಬಾವಿಯ ಅಪಾಯವೇ ನಮ್ಮಲ್ಲಿಯೂ ಗಂಟಲಲ್ಲಿ ಸಿಕ್ಕಿಕೊಂಡಿದೆ ಎಂದು ಈಗ ಒಪ್ಪುತ್ತೇನೆ. ಸಾಲದ ಕುರಿತ ನನ್ನ ಅನುಮಾನ ಪೂರ್ತಿ ಹೋಗಿಲ್ಲ. ಆದರೆ ಪುಗಾದಲ್ಲಿ ಒಂದು ಅನುಕೂಲವಿದೆ. ಕೊರೆಯುವವರು ನಮ್ಮದೇ ಸರಕಾರಿ ತೈಲ ಕಂಪನಿ, ಕೊರೆಯುವ ಯಂತ್ರ, ಪರಿಣತಿ, ಹಣ ಬಹುಮಟ್ಟಿಗೆ ರೂಪಾಯಿಯಲ್ಲಿಯೇ ಸಿಗುತ್ತವೆ. ತೈಲ ಹುಡುಕಲು ಕಲಿತ ವಿದ್ಯೆ ತೈಲದ ಅವಲಂಬನೆಯನ್ನು ಬಿಡಿಸಲು ಬಳಕೆಯಾಗುತ್ತದೆ. ಕೀನ್ಯಾಕ್ಕೆ ಆ ಅವಕಾಶ ಇರಲಿಲ್ಲ.

ಕಣಿವೆಯಂಚು (ನೈರೋಬಿ)

ಅದು ನನಗೆ ಹೊಳೆದಿರದ ಅಂಶ, ಧನ್ಯವಾದಗಳು. ನಮ್ಮ ರಾಜ್ಯದ ಪ್ರಶ್ನೆಗೂ ಇಲ್ಲಿಯೇ ಉತ್ತರಿಸುತ್ತೇನೆ. 2023ರಲ್ಲಿ ಮುಂಗಾರು ಕೈಕೊಟ್ಟು, ಲಿಂಗನಮಕ್ಕಿ ತುಂಬದೆ, ಪಂಪ್‌ಸೆಟ್ಟುಗಳ ಬೇಡಿಕೆ ಏರಿ, ಕರ್ನಾಟಕ ಹೊರಗಿನಿಂದ ವಿದ್ಯುತ್ ಕೊಳ್ಳಬೇಕಾಯಿತು. ಕೀನ್ಯಾದ ತಾನಾ ನದಿಯ ಕಥೆಯೇ ಅದು. ಆದರೆ ಬಳ್ಳಾರಿಯ ಸರ್ ವಿವರಿಸಿದಂತೆ ನಮ್ಮ ಬಂಡೆ ತಣ್ಣಗಿದೆ, ನಮಗೆ ಆ ಕೊಂಡಿಯನ್ನು ಕಳಚಲು ಪಾವಗಡದ ಬಿಸಿಲು, ಚಿತ್ರದುರ್ಗದ ಗಾಳಿ, ಅವನ್ನು ಕೂಡಿಡುವ ಬ್ಯಾಟರಿಗಳೇ ದಾರಿ. ಭೂಶಾಖ ಎಲ್ಲ ಕಡೆಗೂ ಸಲ್ಲುವ ಮದ್ದಲ್ಲ. ಅದು ಇರುವ ಕಡೆಗಳಲ್ಲಿ, ಅಂದರೆ ಸೀಳುಕಣಿವೆಯಲ್ಲಿ, ಇಂಡೋನೇಷ್ಯಾ ಮತ್ತು ಫಿಲಿಪೀನ್ಸಿನ ದ್ವೀಪಗಳಲ್ಲಿ, ಹಿಮಾಲಯದ ಒಂದೆರಡು ಕಣಿವೆಗಳಲ್ಲಿ, ಅದನ್ನು ಬಳಸದೆ ಎಣ್ಣೆ ಸುಡುವುದನ್ನು ಮಾತ್ರ ನಾನು ಒಪ್ಪಲಾರೆ.

ಹಿನ್ನೀರು (ಸಾಗರ)

ಹಾಗಿದ್ದರೆ ಪುಗಾದ ಬಗ್ಗೆ ಮಾತಾಡುವಾಗ ನನ್ನದೊಂದು ಒತ್ತಾಯವಿರಲಿ. ತೊರೆಯ ನೀರಿನ ಗುಣವನ್ನು ಮುಂದಿನ ಬಾವಿ ಕೊರೆಯುವ ಮೊದಲೇ ಪರೀಕ್ಷಿಸಿ, ಫಲಿತಾಂಶವನ್ನು ಕುರಿಗಾಹಿಗಳಿಗೆ ಅವರ ಭಾಷೆಯಲ್ಲಿಯೇ ಕೊಡಬೇಕು. ಮೇಯಿಸುವ ದಾರಿ, ನೀರಿನ ಹಕ್ಕು, ರಾಯಧನದಲ್ಲಿ ಅವರ ಪಾಲು, ಇವೆಲ್ಲ ಅನುಮತಿ ಪತ್ರದಲ್ಲಿಯೇ ಬರವಣಿಗೆಯಲ್ಲಿರಬೇಕು. ಆಮೇಲೆ ನೋಡೋಣ ಎಂಬ ಮಾತನ್ನು ನಮ್ಮ ಹಿರಿಯರು ನಂಬಿದ್ದರು.

ಕಾಫಿತೋಟ (ಮಡಿಕೇರಿ)

ಒಪ್ಪಿದೆ ಮೇಡಂ. ಅದಕ್ಕೆ ಇದೊಂದನ್ನೂ ಸೇರಿಸಿ: ಆ ಒಂದು ಮೆಗಾವಾಟ್ ಬರುವುದಕ್ಕೆ ಮೊದಲೇ, ಬಾವಿಯ ಬಿಸಿನೀರನ್ನು ಕೊಳವೆಯಲ್ಲಿ ಪುಗಾದ ವಸತಿ ಶಾಲೆಗೆ ಹಾಯಿಸಬೇಕು. ಅದಕ್ಕೆ ಟರ್ಬೈನ್ ಬೇಡ, ಅಲ್ಲಿನ ಚಾಂಗ್ಪಾ ಮಕ್ಕಳು ಜನವರಿಯಲ್ಲಿಯೂ ತರಗತಿಯಲ್ಲಿ ಕುಳಿತು ಓದಬಹುದು.